ಮೆಲ್ಲಗೆ ತುಳಿದರೆ ನೆಟ್ಟಗೆ, ಜೋರಾಗಿ ತುಳಿದರೆ ಎಡಕ್ಕೆ

ಮೀನು ತಿನ್ನದ ಮನುಷ್ಯ ಮೀನು ಹಿಡಿಯುವ ಕಯಾಕ್, ಅಂದರೆ ಸಪೂರ ಪುಟ್ಟ ದೋಣಿ, ಯಾಕೆ ತಗೊಂಡ ಅಂತ ನನ್ನನ್ನು ಕೇಳದವರಿಲ್ಲ. ಉತ್ತರ ಸುಲಭ. ಪೆಡಲ್ ತುಳಿದು ಓಡಿಸುವ ಕಯಾಕ್‌ಗಳನ್ನು ಹೆಚ್ಚಾಗಿ ಗಾಳ ಹಾಕುವವರಿಗೆ ಅಂತಲೇ ಮಾಡುತ್ತಾರೆ. ಕಾಲು ದುಡಿಯುತ್ತಿದ್ದರೆ ಕೈ ಖಾಲಿ ಇರುತ್ತದೆ ಅಲ್ವಾ. ನನಗೆ ಬೇಕಾಗಿದ್ದೂ ಅದೇ, ಬೇರೆ ಕಾರಣಕ್ಕೆ. ಬಲ ಭುಜದ ನೋವು. ಅರ್ಧ ಗಂಟೆ ಹುಟ್ಟು ಹಾಕಿದರೆ ಆ ರಾತ್ರಿ ನಿದ್ದೆ ಇಲ್ಲ. ಶಿರಸಿಯಿಂದ ಕೆಲಸಕ್ಕೆ ಅಂತ ಕಾರವಾರಕ್ಕೆ ಬಂದು ಒಂಬತ್ತು ವರ್ಷ ಆಯಿತು, ಅಷ್ಟೂ ವರ್ಷ ಕಾಳಿ ನದಿಯನ್ನು ಸೇತುವೆ ಮೇಲಿಂದ, ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೊರತು ನೀರಿಗಿಳಿದಿರಲಿಲ್ಲ. ಈ ವರ್ಷ ಮನಸ್ಸು ಗಟ್ಟಿ ಮಾಡಿ, ಸಾಲವನ್ನೂ ಮಾಡಿ, ಒಂದು ತರಿಸಿದೆ. ಹನ್ನೆರಡು ಅಡಿ ಉದ್ದ, ನಲವತ್ತು ಕೆಜಿ ಮೇಲೆ ತೂಕ. ಗಾಳದ ಕೋಲು ಸಿಕ್ಕಿಸಲು ನಾಲ್ಕು ತೂತು ಇವೆ. ಒಂದರಲ್ಲಿ ಕೊಡೆ, ಒಂದರಲ್ಲಿ ನೀರಿನ ಬಾಟಲಿ, ಒಂದರಲ್ಲಿ ಮಗಳ ಟೋಪಿ. ನಾಲ್ಕನೆಯದಕ್ಕೆ ಇನ್ನೂ ಕೆಲಸ ಸಿಕ್ಕಿಲ್ಲ.

ಇದರ ಚುಕ್ಕಾಣಿ ನನಗೆ ಮೂರು ವಾರ ಕೊಟ್ಟ ಕಾಟದ ಬಗ್ಗೆ ಬರೆಯಬೇಕು ಅಂತ ಕೂತಿದ್ದೇನೆ. ಇಂಥದ್ದನ್ನು ಕೊಂಡ ಇನ್ನೊಬ್ಬರಿಗಾದರೂ ಉಪಯೋಗ ಆದೀತು.

ಮೊದಲು ಈ ಯಂತ್ರ ಹೇಗೆ ಅಂತ ಹೇಳಿಬಿಡುತ್ತೇನೆ. ಪೆಡಲ್ ಕಯಾಕ್‌ನಲ್ಲಿ ಎರಡು ಜಾತಿ. ಹೋಬಿ ಕಂಪನಿ 1997ರಲ್ಲಿ ತಂದ ಮಿರಾಜ್ ಡ್ರೈವ್ ಥರದವು ಒಂದು, ಅದರಲ್ಲಿ ದೋಣಿಯ ಕೆಳಗೆ ಎರಡು ರೆಕ್ಕೆಗಳು ಪೆಂಗ್ವಿನ್ ಈಜಿದ ಹಾಗೆ ಅತ್ತಿತ್ತ ಬಡಿಯುತ್ತವೆ. ಇನ್ನೊಂದು ಸೈಕಲ್ ಥರ ಸುತ್ತ ತುಳಿಯುವುದು, ಕೆಳಗೆ ಪುಟ್ಟ ಫ್ಯಾನು. ನನ್ನದು ಫ್ಯಾನಿನದು, ಬೇರೆ ಕಂಪನಿಯದು. ಕಾಲು ಒಂದು ಸುತ್ತು ಹೋದರೆ ಫ್ಯಾನು ಹತ್ತು ಸುತ್ತು ಹೋಗುತ್ತದೆ. ಹುಟ್ಟು ಹಾಕುವ ದೋಣಿಯಲ್ಲಿ ಚುಕ್ಕಾಣಿ ಇಲ್ಲದಿದ್ದರೂ ನಡೆಯುತ್ತದೆ, ಯಾವ ಕಡೆ ಹೆಚ್ಚು ಎಳೆದೆವೋ ಅದರ ಮೇಲೆ ದೋಣಿ ತಿರುಗುತ್ತದೆ. ಪೆಡಲ್ ದೋಣಿಗೆ ಆ ಸೌಕರ್ಯ ಇಲ್ಲ. ತುಳಿದಷ್ಟು ಮುಂದೆ ಹೋಗುತ್ತದೆ, ಎತ್ತ ಹೋಗಬೇಕು ಅನ್ನುವುದು ಪೂರ್ತಿ ಹಿಂದಿರುವ ಆ ಒಂದು ಹಲಗೆಯ ಕೈಯಲ್ಲಿ. ಸೀಟಿನ ಎಡಗಡೆ ಒಂದು ಸಣ್ಣ ಹ್ಯಾಂಡಲ್ ಇದೆ. ಅದರಿಂದ ಎರಡು ತಂತಿ ದೋಣಿಯ ಹೊಟ್ಟೆಯೊಳಗೆ ಹಿಂದಿನ ತನಕ ಹೋಗುತ್ತವೆ, ಒಂದು ಎಡಕ್ಕೆ ಎಳೆಯಲು, ಒಂದು ಬಲಕ್ಕೆ.

ಮೊದಲ ದಿನ ಸುಂಕೇರಿ ಕಡೆಯಿಂದ ಇಳಿಸಿದೆ. ಇಲ್ಲೇ ಒಂದು ತಪ್ಪು ಮಾಡಿದ್ದೆ. ಹುಣ್ಣಿಮೆ ಕಳೆದು ಎರಡೇ ದಿನ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಸಮುದ್ರದ ಏರಿಳಿತ ಜಾಸ್ತಿ, ಇಳಿತದ ಹೊತ್ತಿಗೆ ಕಾಳಿ ನದಿಯ ನೀರು ಸಮುದ್ರಕ್ಕೆ ಓಡುವ ರಭಸವೂ ಜಾಸ್ತಿ. ಮೇಲೆ ಕದ್ರಾ ಅಣೆಕಟ್ಟಿನಲ್ಲಿ ಕರೆಂಟಿಗೆ ನೀರು ಬಿಟ್ಟಿದ್ದರೆ ಅದೂ ಸೇರಿಕೊಳ್ಳುತ್ತದೆ. ಪಕ್ಕದ ಮನೆ ಮಾಮ ಹಿಂದಿನ ದಿನವೇ ಹೇಳಿದ್ದರು, "ಅಷ್ಟಮಿ ನೋಡಿ ಇಳಿಸಿ ಹೆಗಡೇರೇ, ನೀರು ಸುಮ್ನೆ ಇರ್ತದೆ" ಅಂತ. ಮಾಮ ಅಂದರೆ ಸಂಬಂಧವಲ್ಲ, ಖಾರ್ವಿಯವರು, ನಲವತ್ತು ವರ್ಷ ಸಮುದ್ರಕ್ಕೆ ಹೋಗಿ ಈಗ ಮನೆಯಲ್ಲಿದ್ದಾರೆ, ಬೀದಿಗೆಲ್ಲ ಮಾಮ. ಹೊಸ ದೋಣಿ ಅಂಗಳದಲ್ಲಿ ಬಿದ್ದಿರುವಾಗ ಅಷ್ಟಮಿ ತನಕ ಕಾಯುವವರು ಯಾರು.

ಮೊದಲು ನೀರಿನ ಎದುರಿಗೆ ಹೋಗು, ವಾಪಸ್ ಬರುವಾಗ ಸುಸ್ತಾಗಿರುತ್ತೆ, ಆಗ ನೀರೇ ತರುತ್ತೆ ಅನ್ನುವುದು ಓದಿ ತಿಳಿದ ಪಾಠ. ಹಾಗೇ ಮಾಡಿದೆ. ಪೂರ್ವಕ್ಕೆ ಮುಖ, ಬಲಗಡೆ ದಂಡೆ, ದಂಡೆಯುದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಐದು ನಿಮಿಷ ಸ್ವರ್ಗ. ಆಮೇಲೆ ನೋಡಿದರೆ ದಂಡೆ ದೂರ ಹೋಗುತ್ತಿದೆ. ಹ್ಯಾಂಡಲ್ ಬಲಕ್ಕೆ ತಿರುಗಿಸಿದೆ. ದೋಣಿ ಎಡಕ್ಕೇ ಹೋಗುತ್ತಿದೆ. ಇನ್ನೂ ತಿರುಗಿಸಿದೆ, ಹ್ಯಾಂಡಲ್ ಕೊನೆಗೆ ಬಂದು ನಿಂತಿತು. ಆಗ ಮನುಷ್ಯ ಏನು ಮಾಡುತ್ತಾನೆ? ಗಾಬರಿಯಾಗಿ ಜೋರಾಗಿ ತುಳಿಯುತ್ತಾನೆ. ಜೋರಾಗಿ ತುಳಿದಷ್ಟೂ ಎಡಕ್ಕೆ ಎಳೆಯಿತು, ನೋಡನೋಡುತ್ತ ನಾನು ನದಿಯ ನಡುವೆ, ನೀರಿನ ಓಟ ಎಲ್ಲಕ್ಕಿಂತ ಜೋರಿರುವ ಜಾಗದಲ್ಲಿ. ಹಿಂದಕ್ಕೆ ತುಳಿದು ನೋಡೋಣ ಅಂತ ಹೊರಟೆ. ಅದು ಇನ್ನೂ ದೊಡ್ಡ ದಡ್ಡತನ. ಹಿಂದಕ್ಕೆ ತುಳಿದರೆ ನೀರು ಹಿಂದಿನಿಂದ ಬಂದು ಚುಕ್ಕಾಣಿಯನ್ನು ಒಂದು ಬದಿಗೆ ತಿರುಗಿಸಿಬಿಡುತ್ತದೆ. ಇದ್ದ ಅರ್ಧ ಚುಕ್ಕಾಣಿಯೂ ಹೋಯಿತು.

ಹಿಂದೆ ತಿರುಗಿ ನೋಡಿದರೆ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತಲ್ಲ, ಅದೇ ಜಾಗ. ಈಗ ಉಳಿದಿರುವುದು ಅದರ ಪಕ್ಕದ ಹೊಸದು, ಆದರೆ ಆ ಬೆಳಿಗ್ಗೆ ನನಗೆ ಹೊಸದು ಹಳೆಯದು ಏನೂ ಕಾಣಿಸಲಿಲ್ಲ, ಕಂಬ ಮಾತ್ರ ಕಾಣಿಸಿತು. ಕಂಬಕ್ಕೆ ಅಡ್ಡ ಸಿಕ್ಕಿದ ದೋಣಿಯನ್ನು ನೀರು ಅಲ್ಲೇ ಒತ್ತಿ ಮಗುಚುತ್ತದೆ ಅಂತ ಓದಿದ್ದು ಆಗಲೇ ನೆನಪಾಗಬೇಕೆ.

ಆಗ ಹೊಳೆಯಿತು, ಎಡಕ್ಕಂತೂ ಚೆನ್ನಾಗಿ ತಿರುಗುತ್ತದಲ್ಲ. ಮತ್ತೆ ಮುಂದಕ್ಕೆ ತುಳಿಯುತ್ತ ಚುಕ್ಕಾಣಿ ಪೂರ್ತಿ ಎಡಕ್ಕೆ ಹಾಕಿ, ಮುಕ್ಕಾಲು ಸುತ್ತು ಸುತ್ತಿ, ಮೂತಿ ದಕ್ಷಿಣದ ದಂಡೆಗೆ ಬಂದ ಕೂಡಲೇ ಹುಟ್ಟು ತೆಗೆದು ಭುಜದ ಆಸೆ ಬಿಟ್ಟು ಎಳೆದೆ. ಬಲಕ್ಕೆ ಹೋಗಬೇಕಾದವ ಎಡಕ್ಕೆ ಮುಕ್ಕಾಲು ಪ್ರದಕ್ಷಿಣೆ ಹಾಕಿ ಬಂದ ಹಾಗಾಯಿತು. ದಂಡೆಯ ಮೇಲೆ ಮಾಮ ನಿಂತಿದ್ದರು. "ದೇವಸ್ಥಾನ ಎಲ್ಲಿತ್ತು ಹೆಗಡೇರೇ?" ಅಂದರು. ಲೈಫ್ ಜಾಕೆಟ್ ಹಾಕಿದ್ದೆ, ಹುಟ್ಟು ಒಯ್ದಿದ್ದೆ, ಈ ಎರಡೇ ಆ ದಿನ ನಾನು ಮಾಡಿದ ಬುದ್ಧಿವಂತ ಕೆಲಸ. ಪೆಡಲ್ ಇದೆಯಲ್ಲ ಅಂತ ಹುಟ್ಟನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಮಾರಿದವರಿಗೆ ಫೋನ್ ಮಾಡಿದೆ. "ಸರ್, ನದಿಯಲ್ಲಿ ಕರೆಂಟ್ ಇರುತ್ತೆ, ಹಾಗೆ ಆಗುತ್ತೆ, ಅಭ್ಯಾಸ ಆದ್ರೆ ಸರಿ ಹೋಗುತ್ತೆ" ಅಂದರು. ಇರಬಹುದು ಅನಿಸಿತು. ಹೊಸಬ ಅಂದ ಮೇಲೆ ಮೊದಲ ಅನುಮಾನ ತನ್ನ ಮೇಲೇ.

ಆ ವಾರ ಪೂರ್ತಿ ಅನುಮಾನಗಳನ್ನು ಒಂದೊಂದಾಗಿ ತೆಗೆದುಹಾಕಿದೆ. ಚುಕ್ಕಾಣಿ ಪೂರ್ತಿ ಕೆಳಗೆ ಇಳಿದಿತ್ತಾ? ಅರ್ಧ ಇಳಿದ ಚುಕ್ಕಾಣಿ ಹಿಂದಕ್ಕೆ ಚಾಚಿಕೊಂಡಿರುತ್ತದೆ, ಹ್ಯಾಂಡಲ್ ಭಾರವಾಗುತ್ತದೆ, ತಿರುಗುವುದೂ ಕಡಿಮೆ. ನನ್ನದು ಪೂರ್ತಿ ಇಳಿಯುತ್ತಿತ್ತು. ಬಲೆಯ ದಾರ, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿತ್ತಾ? ಇಲ್ಲ. ಸಾಮಾನಿನ ಭಾರ ಒಂದೇ ಕಡೆ ಇತ್ತಾ? ಒಂದು ಕೊಡೆ, ಒಂದು ಬಾಟಲಿ, ಅಷ್ಟಕ್ಕೆ ದೋಣಿ ವಾಲುವುದಿಲ್ಲ. ಫ್ಯಾನು ಒಂದೇ ದಿಕ್ಕಿಗೆ ಸುತ್ತುವುದರಿಂದ ದೋಣಿಯನ್ನು ಒಂದು ಬದಿಗೆ ಸ್ವಲ್ಪ ಎಳೆಯುತ್ತದೆ, ಫ್ಯಾನಿನಿಂದ ಹೊರಟ ನೀರು ಸುರುಳಿಯಾಗಿ ಬಂದು ಚುಕ್ಕಾಣಿಗೂ ತಾಗುತ್ತದೆ. ಇದು ನಿಜ. ಆದರೆ ಅದು ಹ್ಯಾಂಡಲನ್ನು ಒಂದು ಕೂದಲೆಳೆಯಷ್ಟು ಬಲಕ್ಕೆ ಹಿಡಿದರೆ ಮುಗಿಯುವ ವಿಷಯ, ಮನುಷ್ಯನನ್ನು ನದಿ ನಡುವಿಗೆ ಒಯ್ಯುವಂಥದ್ದಲ್ಲ.

ಭಾನುವಾರ ದೋಣಿಯನ್ನು ಎರಡು ಹಳೇ ಟಯರಿನ ಮೇಲೆ ಏರಿಸಿ ಅಂಗಳದಲ್ಲಿಟ್ಟೆ. ಮಗಳು ಸೀಟಿನಲ್ಲಿ ಕೂತು ಹ್ಯಾಂಡಲ್ ಹಿಡಿದಳು, ನಾನು ಹಿಂದೆ ಕೂತೆ. ಹ್ಯಾಂಡಲ್ ನಡುವೆ ಇದ್ದಾಗ ಚುಕ್ಕಾಣಿ ನೆಟ್ಟಗಿರಲಿಲ್ಲ! ಅವಳ ಕಂಪಾಸ್ ಬಾಕ್ಸಿನ ಕೋನಮಾಪಕ ಇಟ್ಟು ನೋಡಿದರೆ ಏಳೆಂಟು ಡಿಗ್ರಿ ಎಡಕ್ಕೆ. ಹಿಡಿದೆ ಕಳ್ಳನನ್ನ ಅಂದುಕೊಂಡೆ. ಚುಕ್ಕಾಣಿಯ ತಲೆಯ ಹತ್ತಿರ ಎರಡೂ ತಂತಿಗಳಿಗೆ ಒಂದೊಂದು ಸ್ಕ್ರೂ ಇದೆ. ಎಡದ್ದನ್ನು ಸಡಿಲ ಮಾಡಿ, ಬಲದ್ದನ್ನು ಬಿಗಿ ಮಾಡಿ, ನಡುವಿಗೆ ತಂದೆ. ಎಡಕ್ಕೆ ನಲವತ್ತು ಡಿಗ್ರಿ, ಬಲಕ್ಕೆ ನಲವತ್ತು. ಹೊಸ ತಂತಿ ಮೊದಲ ಕೆಲವು ದಿನ ಸ್ವಲ್ಪ ಸಡಿಲ ಆಗುತ್ತದೆ, ಸೈಕಲ್ ಬ್ರೇಕಿನ ತಂತಿಯ ಹಾಗೆ, ಅದು ಸಹಜ. ಅಂತೂ ಸಮಸ್ಯೆ ಬಗೆಹರಿಯಿತು ಅಂತ ಮನೆಯವರಿಗೆಲ್ಲ ಹೇಳಿ ಚಹಾ ಕುಡಿದೆ.

ಈ ಸಲ ಅಷ್ಟಮಿ ನೋಡಿಯೇ ಇಳಿಸಿದೆ. ಬೆಳಿಗ್ಗೆ ಆರೂವರೆ, ಗಾಳಿ ಇಲ್ಲ. ಇಲ್ಲಿ ಪಡುವಣ ಗಾಳಿ ಏಳುವುದು ಬಿಸಿಲೇರಿದ ಮೇಲೆ, ಅಲ್ಲಿಯ ತನಕ ನದಿ ಕನ್ನಡಿಯ ಹಾಗೆ. ಮೆಲ್ಲಗೆ ತುಳಿದೆ, ಹೇಳಿದ ಹಾಗೆ ಕೇಳಿತು. ಎಡ, ಬಲ, ನೆಟ್ಟಗೆ. ಖುಷಿಯಾಗಿ ಒಂದು ಸಲ ಓಡಿಸಿ ನೋಡೋಣ ಅಂತ ಜೋರಾಗಿ ತುಳಿದೆ. ಎಡಕ್ಕೆ. ತುಳಿಯುವುದು ನಿಲ್ಲಿಸಿದೆ, ಬಲಕ್ಕೆ ಹಾಕಿದೆ, ನಿಧಾನಕ್ಕೆ ಬಲಕ್ಕೆ ಬಂತು. ಮತ್ತೆ ಜೋರಾಗಿ ತುಳಿದೆ, ಮತ್ತೆ ಎಡಕ್ಕೆ.

ಗಾಳಿ ಇಲ್ಲ, ನೀರಿನ ಎಳೆತ ಇಲ್ಲ, ತಂತಿ ಅಳತೆ ಸರಿ ಇದೆ. ಉಳಿದದ್ದು ದೋಣಿ ಮತ್ತು ನಾನು. ನಾನು ಎರಡೂ ಕಾಲಲ್ಲಿ ಸಮನಾಗಿಯೇ ತುಳಿಯುತ್ತಿದ್ದೆ, ಅಲ್ಲದೆ ಫ್ಯಾನಿಗೆ ಯಾವ ಕಾಲು ತುಳಿಯಿತು ಅನ್ನುವುದು ಗೊತ್ತಾಗುವುದೂ ಇಲ್ಲ. ಈ ಸಲ ಮಾರಿದವರು ಹೇಳಿದ್ದು "ಪೆಡಲ್ ತಪ್ಪು ತುಳಿತಿದ್ದೀರಿ, ವಿಡಿಯೋ ಮಾಡಿ ಕಳಿಸಿ". ಪೆಡಲನ್ನು ತಪ್ಪು ತುಳಿಯುವುದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಆದರೂ ವಿಡಿಯೋ ಕಳಿಸಿದೆ.

ಮಾಮ ಬಂದಿದ್ದು ನನ್ನನ್ನು ಕಾಣಲು ಅಲ್ಲ, ನಮ್ಮ ಹಿತ್ತಿಲ ಬಸಳೆಗೆ. ಅಂಗಳದಲ್ಲಿ ದೋಣಿ, ಅದರ ಮೇಲೆ ಮಗಳು, ಹಿಂದೆ ಕೋನಮಾಪಕ ಹಿಡಿದ ನಾನು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಸಳೆ ಕೆಳಗಿಟ್ಟು, ಚುಕ್ಕಾಣಿಯ ಹಲಗೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದರು.

"ಈಗ ತಿರುಗ್ಸು ಮಗಾ, ಎಡಕ್ಕೆ."

ಹಲಗೆ ಅವರ ಕೈಯನ್ನು ತಳ್ಳಿಕೊಂಡು ಬಂತು.

"ಬಲಕ್ಕೆ."

"ತಿರುಗಿಸ್ದೆ" ಅಂದಳು. ಹಲಗೆ ಅಲುಗಲಿಲ್ಲ. "ಅಪ್ಪಾ, ಇಲ್ಲಿ ಪೂರ್ತಿ ತಿರುಗಿದ್ದು!" ಹ್ಯಾಂಡಲ್ ಕೊನೆಯ ತನಕ ಹೋಗಿದೆ, ಚುಕ್ಕಾಣಿ ಇದ್ದಲ್ಲೇ ಇದೆ, ದೋಣಿಯ ಒಳಗಿಂದ ಕರ್ ಅಂತ ಒಂದು ಸದ್ದು.

"ರೋಗ ಹೊಟ್ಟೆಯಲ್ಲಿದೆ, ನೀವು ಬಾಲಕ್ಕೆ ಔಷಧ ಹಚ್ತಿದ್ದೀರಿ" ಅಂದರು ಮಾಮ. ಬಸಳೆ ಎತ್ತಿಕೊಂಡು ಹೊರಟರು.

ನನಗೆ ನಾಚಿಕೆ ಆಯಿತು. ನಾನು ಅಷ್ಟು ದಿನ ಅಳೆದಿದ್ದು ಗಾಳಿಯಲ್ಲಿ ತೂಗುತ್ತಿದ್ದ ಚುಕ್ಕಾಣಿಯನ್ನ. ಗಾಳಿಯಲ್ಲಿ ಅದನ್ನು ತಡೆಯುವವರು ಯಾರೂ ಇಲ್ಲ. ನೀರಿನಲ್ಲಿ ನೀರು ತಡೆಯುತ್ತದೆ, ಅದೂ ವೇಗ ಎರಡು ಪಟ್ಟಾದರೆ ನೀರಿನ ಒತ್ತಡ ನಾಲ್ಕು ಪಟ್ಟು. ಮೆಲ್ಲಗೆ ತುಳಿದರೆ ಸರಿ, ಜೋರಾಗಿ ತುಳಿದರೆ ಇಲ್ಲ ಅಂತ ದೋಣಿ ಎರಡು ಸಲ ಬಾಯಿಬಿಟ್ಟು ಹೇಳಿತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಒಳಗೆ ಏನಾಗುತ್ತಿತ್ತು ಅಂದರೆ, ಸ್ಕೂಟರಿನ ಕ್ಲಚ್ ಕೇಬಲ್ ನೆನಪು ಮಾಡಿಕೊಳ್ಳಿ. ಒಳಗೆ ತಂತಿ, ಹೊರಗೆ ಔಟರ್. ಔಟರಿನ ಎರಡೂ ತುದಿ ಗಟ್ಟಿಯಾಗಿ ನಿಂತಿದ್ದರೆ ಮಾತ್ರ ಇಲ್ಲಿ ಎಳೆದದ್ದು ಅಲ್ಲಿಗೆ ಮುಟ್ಟುತ್ತದೆ. ಔಟರಿನ ತುದಿ ಕಿತ್ತು ಬಂದಿದ್ದರೆ ಎಷ್ಟು ಎಳೆದರೂ ಔಟರೇ ಬಾಗಿ, ಸರಿದು, ಎಳೆದದ್ದನ್ನೆಲ್ಲ ನುಂಗಿಬಿಡುತ್ತದೆ. ಚುಕ್ಕಾಣಿಯ ತಂತಿಯೂ ಹೀಗೇ ಒಂದು ಪ್ಲಾಸ್ಟಿಕ್ ಕೊಳವೆಯೊಳಗೆ ಹೋಗುತ್ತದೆ. ಚುಕ್ಕಾಣಿ ಹಗುರವಾಗಿದ್ದಾಗ ಕೊಳವೆ ಸುಮ್ಮನಿರುತ್ತದೆ, ತಂತಿ ಓಡುತ್ತದೆ. ನೀರು ತಡೆದ ಕೂಡಲೇ ತಂತಿ ನಿಲ್ಲುತ್ತದೆ, ಕೊಳವೆ ಓಡುತ್ತದೆ. ನೆಟ್ಟಗೆ ಹೋಗುವಾಗಲೂ ಎಡಕ್ಕೆ ಎಳೆದದ್ದು ಇದಕ್ಕೇ. ಫ್ಯಾನಿನ ನೀರು ಚುಕ್ಕಾಣಿಯನ್ನು ಎಡಕ್ಕೆ ತಳ್ಳುತ್ತಿತ್ತು, ಬಲದ ತಂತಿ ಅದನ್ನು ಹಿಡಿದಿಟ್ಟುಕೊಳ್ಳಬೇಕಿತ್ತು, ಹಿಡಿಯಲು ಅದಕ್ಕೇ ಆಧಾರ ಇರಲಿಲ್ಲ.

ಹಿಂದಿನ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಹಾಕಿ ತಲೆ ತೂರಿಸಿದೆ. ಮಗಳು ಹ್ಯಾಂಡಲ್ ತಿರುಗಿಸಿದಾಗ ಬಲಗಡೆಯ ಕೊಳವೆ ಹಾವಿನ ಹಾಗೆ ಬಾಗಿ ಎದ್ದು ಬಂತು. ಅದನ್ನು ಗೋಡೆಗೆ ಹಿಡಿದಿಡಬೇಕಾದ ಕ್ಲಿಪ್ಪು ಒಂದೇ ಕಡೆ ನೇತಾಡುತ್ತಿತ್ತು. ಸ್ಕ್ರೂ ದೋಣಿಯ ತಳದಲ್ಲಿ ಬಿದ್ದಿತ್ತು, ಡ್ರಿಲ್ ಮಾಡಿದ ಪ್ಲಾಸ್ಟಿಕ್ ಪುಡಿಯ ಜೊತೆಗೇ. ನಟ್ಟು ಇಲ್ಲ, ಏನಿಲ್ಲ, ಮೆದು ಪ್ಲಾಸ್ಟಿಕ್ಕಿಗೆ ನೇರ ತಿರುಪಿದ್ದಾರೆ, ನಾಲ್ಕು ಸಲ ಎಳೆದ ಮೇಲೆ ಕಿತ್ತು ಬಂದಿದೆ. ಹೊಸ ದೋಣಿ ಕೊಂಡವರು ನೀರಿಗಿಳಿಸುವ ಮೊದಲು ಹಿಂದಿನ ಮುಚ್ಚಳ ತೆಗೆದು ಒಂದು ಸಲ ಒಳಗೆ ತಲೆ ಹಾಕಿ. ತಳದಲ್ಲಿ ಏನಾದರೂ ಬಿದ್ದಿದ್ದರೆ ಅದು ಎಲ್ಲಿಂದಲೋ ಬಿದ್ದದ್ದೇ.

ರಿಪೇರಿಯಲ್ಲೂ ಒಂದು ಸಲ ಮುಗ್ಗರಿಸಿದೆ. ಮೊದಲು ಎಪಾಕ್ಸಿ ಕಲಸಿ ಕ್ಲಿಪ್ಪನ್ನು ಅಂಟಿಸಿದೆ. ಮರುದಿನ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಬೆರಳಲ್ಲಿ ತಳ್ಳಿದರೆ ಇಡೀ ಗಟ್ಟಿ ಚಿಪ್ಪಿನ ಹಾಗೆ ಕಳಚಿ ಬಂತು. ಈ ದೋಣಿಗಳು ಪಾಲಿಥೀನ್. ನೀರಿನ ಟ್ಯಾಂಕಿನ ಹಾಗೇ, ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಹಾಕಿ ಬಿಸಿ ಮಾಡುತ್ತ ತಿರುಗಿಸಿ ಮಾಡುತ್ತಾರೆ. ಪಾಲಿಥೀನಿಗೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ. ಟ್ಯಾಂಕ್ ಸೋರಿದಾಗ ಅಂಟು ಹಚ್ಚಿ ಬೇಸತ್ತವರಿಗೆ ಇದು ಗೊತ್ತೇ ಇರುತ್ತದೆ.

ಕೊನೆಗೆ ಬೈತಖೋಲಕ್ಕೆ ಹೋದೆ. ಮೀನುಗಾರಿಕೆ ಬಂದರು ಅಂದ ಮೇಲೆ ದೋಣಿಯ ಸಾಮಾನು ಸಿಗದೇ ಇರುತ್ತದೆಯೇ. ಅಂಗಡಿಯವರಿಗೆ ಕಥೆ ಎಲ್ಲ ಹೇಳಬೇಕಾಗಲಿಲ್ಲ, ಉಪ್ಪು ನೀರಿಗೆ ಅಂದರೆ ಸಾಕು, 316 ಸ್ಟೀಲಿನ ಬೋಲ್ಟು, ಅಲುಗಾಟಕ್ಕೆ ಬಿಚ್ಚಿಕೊಳ್ಳದ ನೈಲಾನ್ ನಟ್ಟು, ಅಗಲದ ವಾಷರು, ರಬ್ಬರ್ ವಾಷರು ಒಟ್ಟಿಗೆ ಕಟ್ಟಿ ಕೊಟ್ಟರು. ಮಾಮೂಲಿ ಕಬ್ಬಿಣದ್ದು ಹಾಕಿದರೆ ಇಲ್ಲಿಯ ಗಾಳಿಗೆ ಒಂದು ಮಳೆಗಾಲ ತಡೆಯುವುದಿಲ್ಲ. ನೂರು ರೂಪಾಯಿಯೂ ಆಗಲಿಲ್ಲ. ದೋಣಿಯ ಬೆಲೆ ಇಲ್ಲಿ ಬರೆಯುವುದಿಲ್ಲ, ಅಮ್ಮ ಓದುತ್ತಾಳೆ.

ಹೊರಗಿನಿಂದ ಒಳಕ್ಕೆ ತೂತು ಹಾಯಿಸಿ ಬೋಲ್ಟು ತೂರಿಸಿದೆ. ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರುವ ಜಾಗ, ಆದರೂ ರಬ್ಬರ್ ವಾಷರು, ಅದರ ಸುತ್ತ ಸ್ವಲ್ಪ ಸೀಲೆಂಟು. ಒಳಗಿನಿಂದ ನಟ್ಟು ಹಿಡಿಯಲು ನನ್ನ ಕೈ ಮುಟ್ಟಲಿಲ್ಲ, ಮಗಳ ಕೈ ಮುಟ್ಟಿತು. ಇದಕ್ಕೆ ಅವಳು ಕೇಳಿದ ಕೂಲಿ ಗೋಬಿ ಮಂಚೂರಿ. ಆಮೇಲೆ ತಂತಿಗಳನ್ನು ಹೊಸದಾಗಿ ಹೊಂದಿಸಬೇಕಾಯಿತು. ಮೊದಲು ಬಲದ ತಂತಿಯನ್ನು ಬಿಗಿ ಮಾಡಿದ್ದೆನಲ್ಲ, ಈಗ ಕೊಳವೆ ಸರಿಯಾಗಿ ಕೂತ ಮೇಲೆ ಅದು ವಿಪರೀತ ಬಿಗಿಯಾಗಿ ಹ್ಯಾಂಡಲ್ ತಿರುಗುವುದೇ ಕಷ್ಟವಾಗಿತ್ತು. ಚುಕ್ಕಾಣಿಯನ್ನು ಎರಡು ಕೋಲಿನ ನಡುವೆ ನೆಟ್ಟಗೆ ಕಟ್ಟಿ, ಹ್ಯಾಂಡಲ್ ನಡುವಿಗೆ ಇಟ್ಟು, ಎರಡೂ ತಂತಿಗಳನ್ನು ಜೋಲು ಇಲ್ಲದಾಗುವಷ್ಟೇ ಎಳೆದು ಬಿಟ್ಟೆ. ವೀಣೆಯ ತಂತಿ ಥರ ಟಣ್ ಅನ್ನಬಾರದು.

ಪರೀಕ್ಷೆಗೆ ಬ್ಯಾಗ್ ತೂಗುವ ಪುಟ್ಟ ಕೊಕ್ಕೆ ತಕ್ಕಡಿ ತಂದೆ. ಹಲಗೆಯ ತುದಿಗೆ ಸಿಕ್ಕಿಸಿ ಅಡ್ಡಕ್ಕೆ ಎಳೆಯುವುದು, ಮಗಳು ಹ್ಯಾಂಡಲ್ ಬಿಡದೆ ಹಿಡಿದಿರುವುದು. ರಿಪೇರಿಗೆ ಮೊದಲು ಅಳೆದಿದ್ದಾಗ ಎಡದ ತಂತಿ ನಾಲ್ಕು ಕೆಜಿ ತಡೆದಿತ್ತು, ಬಲದ್ದು ಒಂದು ಕೆಜಿ ಆಗುವ ಮೊದಲೇ ಕೈ ಬಿಟ್ಟಿತ್ತು. ಈಗ ಎರಡೂ ನಾಲ್ಕಕ್ಕೆ ನಿಂತವು. ತಕ್ಕಡಿ ಇಲ್ಲದಿದ್ದರೂ ಅಡ್ಡಿಯಿಲ್ಲ, ಒಬ್ಬರು ಹಲಗೆ ಹಿಡಿಯಿರಿ, ಒಬ್ಬರು ತಿರುಗಿಸಿ, ಒಂದು ನಿಮಿಷದ ಕೆಲಸ.

ಮೂರನೇ ಸಲ ಇಳಿಸಿದ್ದು ಕಳೆದ ಶನಿವಾರ. ದಂಡೆ ಬಿಟ್ಟು ಸ್ವಲ್ಪ ಹೋಗಿ, ಉಸಿರು ಕಟ್ಟಿ ತುಳಿದು, ಹ್ಯಾಂಡಲ್ ಬಲಕ್ಕೆ ಹಾಕಿದೆ. ಕಾಂಡ್ಲಾ ಗಿಡದ ಸಾಲು ಎದುರಿಗೆ ಬಂದು ನಿಂತಿತು, ಇನ್ನೇನು ಬೇರಿಗೆ ಹೊಡೆಯಬೇಕು ಅನ್ನುವಾಗ ಎಡಕ್ಕೆ ಹಾಕಿ ತಪ್ಪಿಸಿಕೊಂಡೆ. ಬಲಕ್ಕೆ ಇಷ್ಟು ಬೇಗ ತಿರುಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಜೋರಾಗಿ ತುಳಿಯುವಾಗ ಈಗಲೂ ಒಂಚೂರು ಎಡಕ್ಕೆ ಒಲವು ಇದೆ, ಅದು ಫ್ಯಾನಿನದು, ಹ್ಯಾಂಡಲ್ ಕೆಳಗಿನ ಗುಂಡಿ ಸ್ವಲ್ಪ ಬಿಗಿ ಮಾಡಿ ಒಂಚೂರು ಬಲಕ್ಕೆ ಬಿಟ್ಟರೆ ಕೈ ತೆಗೆದರೂ ನೆಟ್ಟಗೆ ಹೋಗುತ್ತದೆ.

ಮನೆಗೆ ಬಂದು ಎಡಗಡೆಯ ಕ್ಲಿಪ್ಪನ್ನೂ ನೋಡಿದೆ. ಅದರ ಸ್ಕ್ರೂ ಎರಡೇ ಎಳೆಯಲ್ಲಿ ನಿಂತಿತ್ತು, ಬೆರಳಲ್ಲೇ ಬಿಚ್ಚಿ ಬಂತು. ಅಲ್ಲಿಗೂ ಬೋಲ್ಟು ಹಾಕಿದೆ. ಎರಡು ಸ್ಕ್ರೂ, ಪ್ಲಾಸ್ಟಿಕ್ ಪುಡಿ, ಹೊಸ ಬೋಲ್ಟು ಎಲ್ಲ ಒಂದೇ ಬಾಳೆ ಎಲೆಯ ಮೇಲಿಟ್ಟು ಫೋಟೋ ತೆಗೆದು, ಏನಾಗಿತ್ತು ಅಂತ ಉದ್ದಕ್ಕೆ ಬರೆದು ಮಾರಿದವರಿಗೆ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು, ಹೆಬ್ಬೆರಳು ಎತ್ತಿದ ಚಿತ್ರ ಒಂದು.